ಅಲುಗಾಡುವ ಸೀಟು

ನಮ್ಮ ಕಡೆ "ಸೀಟು ಸಿಕ್ಕಿತೆ?" ಎಂಬ ಪ್ರಶ್ನೆಗೆ ಎರಡು ಅರ್ಥ. ಬಸ್ಸಿಳಿದು ಬಂದವನನ್ನು ಕೇಳಿದರೆ ಒಂದು. ಜೂನ್ ತಿಂಗಳಲ್ಲಿ ಅರಳೀಕಟ್ಟೆಯ ಮೇಲೆ ಕೇಳಿದರೆ ಇನ್ನೊಂದು. ಮೊದಲನೆಯ ಅರ್ಥದ ಸೀಟು ನನಗೆ ಸಿಕ್ಕಿದ್ದು ಬಲು ಅಪರೂಪ. ಎರಡನೆಯದು ಮೂರು ವರ್ಷಗಳ ಹಿಂದೆ ಈ ಕಾಲೇಜಿನಲ್ಲಿ ಸಿಕ್ಕಿತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗನಾದ್ದರಿಂದ ಅಮ್ಮ ಆ ಸುದ್ದಿಯನ್ನು ಬೀದಿಗೆಲ್ಲ ಹಂಚಿದಳು. "ನಮ್ಮ ಹುಡುಗನಿಗೆ ಸೀಟು ಸಿಕ್ತು" ಎಂದು ಎದುರುಮನೆಯ ಅಜ್ಜಿಗೆ ಹೇಳಿದಾಗ ಆಕೆ, "ಪುಣ್ಯವಂತ ಕಣಮ್ಮ, ನಾನು ಮುಳಬಾಗಿಲವರೆಗೂ ನಿಂತ್ಕೊಂಡೇ ಹೋದೆ" ಎಂದಳಂತೆ.

ನಾನು ಈಗ ಬರೆಯಹೊರಟಿರುವುದು ಈ ಎರಡೂ ಅಲ್ಲದ ಮೂರನೆಯ ಸೀಟನ್ನು ಕುರಿತು. ನಮ್ಮ ಅಪ್ಪನ ಹಳೆಯ ಪಿಕಪ್ ಗಾಡಿಯ ಚಾಲಕನ ಸೀಟನ್ನು ಕುರಿತು. ಕಾವ್ಯಮೀಮಾಂಸೆ, ಜನಪದ ಸಾಹಿತ್ಯ, ಅರ್ಥಶಾಸ್ತ್ರಗಳ ಬಗೆಗೆ ಸಹಪಾಠಿ ಮಿತ್ರರು ಘನವಾದ ಲೇಖನಗಳನ್ನು ಬರೆದಿರುವ ಈ ಸಂಚಿಕೆಯಲ್ಲಿ ಬೋಲ್ಟು ನಟ್ಟುಗಳ ಮಾತು ತೆಗೆಯುವುದು ಸರಿಯೇ ಎಂದು ನಾನೂ ಯೋಚಿಸಿದೆ. ಆದರೆ ಈ ಮೂರು ವರ್ಷಗಳಲ್ಲಿ ನಾನು ಪುಸ್ತಕದ ಸಹಾಯವಿಲ್ಲದೆ ಕಲಿತ ಪಾಠ ಇದೊಂದೇ. ಸಂಪಾದಕ ಮಹಾಶಯರು ಮನ್ನಿಸಬೇಕು.

ಗಾಡಿ 2009ರಲ್ಲಿ ತಯಾರಾದದ್ದು. ನಮ್ಮ ಮನೆಗೆ ಬಂದದ್ದು 2016ರಲ್ಲಿ, ಇನ್ನೊಬ್ಬರ ಕೈಯಿಂದ. ಅದರ ಕೆಲಸ ಸುತ್ತಲ ಹಳ್ಳಿಗಳ ಟೊಮೇಟೊವನ್ನು ಕೋಲಾರದ ಎ.ಪಿ.ಎಂ.ಸಿ. ಮಾರುಕಟ್ಟೆಗೆ ಮುಟ್ಟಿಸುವುದು. ಆ ಮಾರುಕಟ್ಟೆಯ ವಿಷಯ ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಅಲ್ಲಿಂದ ಹೊರಟ ಹಣ್ಣು ದೇಶದ ಎಷ್ಟೋ ರಾಜ್ಯಗಳಿಗೆ ಹೋಗುತ್ತದೆ. ಅಲ್ಲಿನ ಲೆಕ್ಕವೆಲ್ಲ 15 ಕಿಲೋ ಕ್ರೇಟಿನಲ್ಲಿ. ನಮ್ಮ ಗಾಡಿಗೆ 80 ಕ್ರೇಟು ಹೇರಿದರೆ 1200 ಕಿಲೋ ಆಯಿತು. 2023ರ ಜುಲೈ ತಿಂಗಳಲ್ಲಿ ಒಂದು ಕ್ರೇಟಿನ ಬೆಲೆ ಎರಡು ಸಾವಿರ ರೂಪಾಯಿ ದಾಟಿದಾಗ ನಮ್ಮ ಮನೆಯಲ್ಲೂ ಹೊನ್ನಿನ ಮಳೆ ಸುರಿದಿರಬೇಕೆಂದು ಸಹಪಾಠಿಯೊಬ್ಬ ಹಾಸ್ಯ ಮಾಡಿದ. ಪಾಪ, ಅವನಿಗೆ ಗೊತ್ತಿಲ್ಲ: ಹಣ್ಣಿನ ಬೆಲೆ ಏರಿದರೆ ಏರುವುದು ಬೆಳೆದವನ ಭಾಗ್ಯ, ಹೊತ್ತವನ ಬಾಡಿಗೆ ಕ್ರೇಟಿಗೆ ಇಷ್ಟೆಂದು ಮೊದಲೇ ನಿಂತುಬಿಟ್ಟಿರುತ್ತದೆ.

ಇನ್ನು ಸೀಟಿನ ವಿಚಾರ. ಅದು ಅಲುಗಾಡುತ್ತಿತ್ತು ಎಂದರೆ ಅದರ ಪ್ರತಿಭೆಗೆ ಅನ್ಯಾಯ ಮಾಡಿದಂತೆ. ಗಾಡಿ ಎಡಕ್ಕೆ ತಿರುಗಿದರೆ ಅದು ಬಲಕ್ಕೆ ವಾಲುತ್ತಿತ್ತು; ಬಲಕ್ಕೆ ತಿರುಗಿದರೆ ಎಡಕ್ಕೆ. ಕ್ಲಚ್ಚು ತುಳಿದರೆ ಹಿಂದಕ್ಕೆ ಸರಿಯುತ್ತಿತ್ತು, ಬ್ರೇಕು ತುಳಿದರೆ ಮುಂದಕ್ಕೆ ಇಣುಕುತ್ತಿತ್ತು. ಹಳ್ಳದಲ್ಲಿ ಇಳಿದಾಗ 'ಟಕ್' ಎಂದೂ ಏರಿದಾಗ 'ಕಿರ್' ಎಂದೂ ಸದ್ದು ಮಾಡುತ್ತಿತ್ತು. ಅಪ್ಪ ಅದರ ಕೆಳಗೆ ಒಂದು ಕಡೆ ಹೊಂಗೆಮರದ ಬೆಣೆ, ಇನ್ನೊಂದು ಕಡೆ ಮಡಿಸಿದ ಸೈಕಲ್ ಟ್ಯೂಬು ತುರುಕಿ, ಹಸುಳೆಯನ್ನು ಸಂತೈಸಿದ ಹಾಗೆ ಸಂತೈಸಿದ್ದ. ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಪರೀಕ್ಷೆಯಾಗಬೇಕಷ್ಟೆ. ಆ ದಿನ ಬೆಣೆಗಳ ಸಂಖ್ಯೆ ನಾಲ್ಕಕ್ಕೆ ಏರುತ್ತಿತ್ತು, ಸೀಟು ಮದುವಣಿಗನಂತೆ ಗಂಭೀರವಾಗಿ ಕೂರುತ್ತಿತ್ತು.

ನಗೆಯ ಮಾತು ಹಾಗಿರಲಿ. ರಾತ್ರಿ ಮನೆಗೆ ಬಂದ ಮೇಲೆ ಅಪ್ಪ ಗೋಡೆ ಹಿಡಿದುಕೊಂಡು ಕೂರುತ್ತಿದ್ದ. ಅಮ್ಮ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಅವನ ಸೊಂಟಕ್ಕೆ ಶಾಖ ಕೊಡುತ್ತಿದ್ದಳು. ನಾನು ಪಕ್ಕದಲ್ಲೇ ಕುಳಿತು ಓದುತ್ತಿದ್ದೆ. ಹುರಿದ ಉಪ್ಪಿನ ವಾಸನೆ ನನಗೆ ಓದಿನ ವಾಸನೆಯೇ ಆಗಿಹೋಗಿತ್ತು. ಕುಳಿತ ಮನುಷ್ಯನ ದೇಹಕ್ಕೆ ಸೆಕೆಂಡಿಗೆ ನಾಲ್ಕರಿಂದ ಎಂಟು ಸಲ ಮೇಲೆ ಕೆಳಗೆ ಆಗುವ ಕುಲುಕು ಎಲ್ಲಕ್ಕಿಂತ ಹೆಚ್ಚು ತಾಗುತ್ತದೆಂದೂ, ಗಾಡಿಯ ಕುಲುಕನ್ನಳೆಯುವುದಕ್ಕಾಗಿ ಐ.ಎಸ್.ಒ. 2631 ಎಂಬ ಅಂತಾರಾಷ್ಟ್ರೀಯ ಮಾನದಂಡವೇ ಇದೆಯೆಂದೂ ಇತ್ತೀಚೆಗೆ ಓದಿದೆ. ಅಮ್ಮನಿಗೆ ಆ ಮಾನದಂಡ ತಿಳಿಯದು. ಆದರೆ ಎಷ್ಟು ಟ್ರಿಪ್ಪಿಗೆ ಎಷ್ಟು ಉಪ್ಪು ಎಂಬುದು ಅವಳಿಗೆ ಚೆನ್ನಾಗಿ ತಿಳಿದಿತ್ತು.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ಬೆಳಗಿನ ಬಸ್ಸು ತಪ್ಪಿದ ದಿನ ನಾನು ಅಪ್ಪನ ಗಾಡಿಯಲ್ಲಿ ಕಾಲೇಜಿಗೆ ಬರುತ್ತಿದ್ದೆ. ಆದರೆ ಗೇಟಿನವರೆಗೆ ಬರುತ್ತಿರಲಿಲ್ಲ. ಪೆಟ್ರೋಲ್ ಬಂಕಿನ ಹತ್ತಿರವೇ "ಇಲ್ಲೇ ಇಳೀತೀನಪ್ಪ, ಜೆರಾಕ್ಸ್ ಮಾಡಿಸ್ಬೇಕು" ಎನ್ನುತ್ತಿದ್ದೆ. ಮೊದಲ ವರ್ಷವೆಲ್ಲ ನಾನು ಮಾಡಿಸಿದ ಜೆರಾಕ್ಸುಗಳನ್ನು ಪೇರಿಸಿದ್ದರೆ ಒಂದು ಗ್ರಂಥಾಲಯವೇ ಆಗುತ್ತಿತ್ತು. ಅಪ್ಪ ಒಂದು ದಿನವೂ ಯಾವ ಜೆರಾಕ್ಸು ಎಂದು ಕೇಳಲಿಲ್ಲ. ನಾನಿಳಿದ ಮೇಲೆ ಬೆಣೆಯನ್ನು ಹಿಮ್ಮಡಿಯಿಂದ ಒಳಕ್ಕೆ ಒದ್ದುಕೊಂಡು ಮುಂದೆ ಹೋಗುತ್ತಿದ್ದ.

ಕಳೆದ ದಸರಾ ರಜೆಯಲ್ಲಿ ನನಗೆ ಜ್ಞಾನೋದಯವಾಯಿತು. ಪದವಿಯ ಕೊನೆಯ ವರ್ಷಕ್ಕೆ ಬಂದವನು ಒಂದು ಸೀಟನ್ನು ಗಟ್ಟಿ ಮಾಡಲಾರೆನೇ ಎಂದುಕೊಂಡು, ಅಪ್ಪ ಮಲಗಿದ್ದ ಮಧ್ಯಾಹ್ನ 13ರ ಸ್ಪ್ಯಾನರು ಹಿಡಿದು ಗಾಡಿಯೊಳಗೆ ಇಳಿದೆ. ಅಲುಗಾಡುತ್ತಿದೆ, ಆದ್ದರಿಂದ ಬೋಲ್ಟು ಸಡಿಲವಾಗಿದೆ. ಸಡಿಲವಾಗಿದೆ, ಆದ್ದರಿಂದ ಬಿಗಿಯಬೇಕು. ನನ್ನ ತರ್ಕ ಇಷ್ಟೇ. ಮೂರು ಬೋಲ್ಟುಗಳು ಸುಮ್ಮನೆ ತಿರುಗುತ್ತಲೇ ಇದ್ದವು. ನಾಲ್ಕನೆಯದು ತುಕ್ಕು ಹಿಡಿದು ಮಿಸುಕಲಿಲ್ಲ. ನಾನು ಸ್ಪ್ಯಾನರಿನ ಬಾಲಕ್ಕೆ ಎರಡಡಿ ಕೊಳವೆ ಸಿಕ್ಕಿಸಿ, ಕಾಲನ್ನು ಬಾಗಿಲಿಗೆ ಒದ್ದು ಎಳೆದೆ. ಒಂದು ಸಣ್ಣ ಸದ್ದಾಯಿತು. ಬೋಲ್ಟಿನ ತಲೆ ನನ್ನ ಕೈಗೆ ಬಂತು. ಮುಂಡ ನೆಲದೊಳಗೇ ಉಳಿಯಿತು.

ಸಂಜೆ ಅಪ್ಪನಿಗೆ ತೋರಿಸಿದೆ. ಅಪ್ಪ ಬೋಲ್ಟಿನ ತಲೆಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿ, "ಹೋಗ್ಲಿ ಬಿಡು, ಅದು ಮೊದ್ಲೇ ಸತ್ತಿತ್ತು" ಎಂದ. ಮಾರನೆಯ ದಿನ ಇನ್ನೊಂದು ಬೆಣೆ ಸೇರಿಸಿಕೊಂಡು ಲೋಡಿಗೆ ಹೊರಟ. ರಜೆಯಾದ್ದರಿಂದ ನಾನೂ ಜೊತೆಗೆ ಹೋಗುತ್ತಿದ್ದೆ.

ಮೂರನೆಯ ದಿನ, ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಕೋಲಾರದ ಕಡೆಗೆ ಬರುತ್ತಿದ್ದೆವು. ಪಕ್ಕದ ರಸ್ತೆಯಿಂದ ಒಂದು ಮೋಟಾರು ಸೈಕಲ್ಲು ಹಿಂದೆ ಮುಂದೆ ನೋಡದೆ ಹೆದ್ದಾರಿಗೆ ನುಗ್ಗಿತು. ಅದರ ಮೇಲೆ ಗಂಡ, ಹೆಂಡತಿ, ನಡುವೆ ಒಂದು ಮಗು. ಅಪ್ಪ ಬ್ರೇಕು ತುಳಿದ. ಆ ಕ್ಷಣದಲ್ಲಿ ಸೀಟು ಅವನ ಕೆಳಗಿನಿಂದ ಒಂದು ಗೇಣು ಮುಂದಕ್ಕೆ ಜಾರಿತು. ಮಂಡಿ ಮುಂದಿನ ತಗಡಿಗೆ ಬಡಿಯಿತು, ತುಳಿಯುತ್ತಿದ್ದ ಕಾಲು ಮಡಿಚಿಕೊಂಡಿತು. ಬೆಲ್ಟು ಹಾಕಿದ್ದರಿಂದ ಎದೆ ಸ್ಟಿಯರಿಂಗಿಗೆ ತಾಗಲಿಲ್ಲ. ಹೇಗೋ ಆ ಮಡಿಚಿದ ಕಾಲಿನಲ್ಲೇ ಅಪ್ಪ ಬ್ರೇಕನ್ನು ಒತ್ತಿ ಹಿಡಿದ. ಗಾಡಿ ನಿಂತಾಗ ಮೋಟಾರು ಸೈಕಲ್ಲಿಗೂ ನಮಗೂ ನಡುವೆ ಒಂದು ಮಾರಿನಷ್ಟು ಜಾಗವೂ ಇರಲಿಲ್ಲ. ಮಗು ತಿರುಗಿ ನಮ್ಮನ್ನೇ ನೋಡುತ್ತಿತ್ತು. ಅವರು ಹೊರಟುಹೋದರು. ಹನ್ನೊಂದು ಕ್ರೇಟು ಹಣ್ಣು ರಸ್ತೆಯ ಮೇಲೆ ಬಿದ್ದಿತ್ತು.

ನಾವಿಬ್ಬರೂ ಕೂತು ಹಣ್ಣು ಆಯ್ದೆವು. "ಗಾಡಿ ನಿಂತ್ಕೊಂತಲ್ಲ, ಸಾಕು" ಎಂದು ಅಪ್ಪ ಒಂದೇ ಮಾತು ಹೇಳಿದ. ಬೋಲ್ಟಿನ ಮಾತೆತ್ತಲಿಲ್ಲ. ಬೈದಿದ್ದರೆ ನನಗೆ ನಿದ್ದೆಯಾದರೂ ಬರುತ್ತಿತ್ತು. 2019ರ ತಿದ್ದುಪಡಿಯ ಮೇಲೆ ಬೆಲ್ಟು ಹಾಕದವನಿಗೆ ಸಾವಿರ ರೂಪಾಯಿ ದಂಡವೆಂದು ನಾವೆಲ್ಲ ಬಲ್ಲೆವು. ಬೆಲ್ಟು ಮನುಷ್ಯನನ್ನು ಹಿಡಿಯುತ್ತದೆ, ಸರಿ. ಸೀಟನ್ನು ಹಿಡಿಯುವವರು ಯಾರು? ಆ ರಾತ್ರಿ ಹುರಿದ ಉಪ್ಪಿನ ವಾಸನೆಯಲ್ಲಿ ನಾನು ಪುಸ್ತಕ ತೆರೆಯಲಿಲ್ಲ.

ಭಾನುವಾರ ಗಾಡಿಯನ್ನು ಊರಾಚೆಯ ಗ್ಯಾರೇಜಿಗೆ ಒಯ್ದೆವು. ಅಲ್ಲಿನ ಸಾಬರು ಕನ್ನಡದಲ್ಲಿ ಆರಂಭಿಸಿ, ತೆಲುಗಿನಲ್ಲಿ ಮುಂದುವರಿದು, ಉರ್ದುವಿನಲ್ಲಿ ವಾಕ್ಯ ಮುಗಿಸುವಂಥವರು. ನನ್ನ ಕಥೆಯನ್ನೆಲ್ಲ ಕೇಳಿ, "ಮೊದ್ಲು ಕಣ್ಣು, ಆಮೇಲೆ ಬೆರಳು, ಕೊನೇಗೆ ಸ್ಪ್ಯಾನರು. ನೀನು ಉಲ್ಟಾ ಬಂದಿದೀಯ" ಎಂದರು. ನಾನೇ ಮಾಡುವುದಾದರೆ ಹೇಳಿಕೊಡುತ್ತೇನೆ, ಕೂಲಿ ಬೇಡ ಎಂದರು.

ಅವರು ಹೇಳಿಕೊಟ್ಟದ್ದನ್ನು ಹೇಳುತ್ತೇನೆ. ಹಳೆಯ ಗಾಡಿಯಿರುವ ಮನೆಯವರಿಗೆ ಉಪಯೋಗಕ್ಕೆ ಬಂದೀತು. ಸೀಟು ಅಲುಗಾಡುವುದಕ್ಕೆ ನಾಲ್ಕು ಜಾಗಗಳುಂಟು. ಗಾಡಿಯ ನೆಲಕ್ಕೂ ಸೀಟಿನ ಹಳಿಗೂ ನಡುವೆ ಇರುವ ಬೋಲ್ಟು ಒಂದು. ಒಂದರೊಳಗೊಂದು ಜಾರುವ ಮೇಲಿನ ಹಳಿ, ಕೆಳಗಿನ ಹಳಿಗಳ ನಡುವಣ ಸಂದು ಎರಡು. ಹಳಿಯ ಮೇಲೆ ಕೂತ ಕಬ್ಬಿಣದ ಚೌಕಟ್ಟು, ಅದರ ಬೆಸುಗೆ ಮೂರು. ಬೆನ್ನೊರಗುವ ಭಾಗದ ಕೀಲು ನಾಲ್ಕು. ಒಬ್ಬರು ಸೀಟಿನಲ್ಲಿ ಕೂತು ಮೆಲ್ಲಗೆ ತೂಗಬೇಕು. ಇನ್ನೊಬ್ಬರು ಒಂದೊಂದು ಸಂದಿನ ಮೇಲೂ ಬೆರಳನ್ನು ಅಡ್ಡ ಇಟ್ಟು ನೋಡಬೇಕು. ಎರಡು ಭಾಗ ಒಟ್ಟಿಗೆ ಚಲಿಸಿದರೆ ಬೆರಳಿಗೆ ಏನೂ ತಿಳಿಯುವುದಿಲ್ಲ. ಒಂದು ನಿಂತು ಇನ್ನೊಂದು ಸರಿದರೆ ಕೂಡಲೇ ತಿಳಿಯುತ್ತದೆ. ಅಪ್ಪ ಕೂತು ತೂಗಿದ. ನಾನು ಮೊಬೈಲಿನ ದೀಪ ಹಿಡಿದು, ಬೆರಳಿಟ್ಟು, ವೈದ್ಯ ನಾಡಿ ನೋಡುವಂತೆ ನೋಡುತ್ತಾ ಹೋದೆ.

ಕೀಲು ಸರಿಯಾಗಿತ್ತು. ಚೌಕಟ್ಟಿನ ಬೆಸುಗೆಯೂ ಸರಿಯಾಗಿತ್ತು. ಬೋಲ್ಟಿನ ಬಳಿ ಬಂದಾಗ ಬೋಲ್ಟೂ ಹಳಿಯೂ ಒಟ್ಟಿಗೇ ಅಲುಗಿದವು, ಅವುಗಳ ಜೊತೆಗೆ ನೆಲವೂ ಅಲುಗಿತು! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ನಾವೆಲ್ಲ ಕುಣಿಯಲಾರದವಳನ್ನು ಹಾಸ್ಯ ಮಾಡಲು ಬಳಸುತ್ತೇವೆ. ಆದರೆ ನೆಲ ನಿಜವಾಗಿಯೂ ಡೊಂಕಾಗಿರುವುದೂ ಉಂಟು ಎಂದು ನನಗೆ ಅಂದು ತಿಳಿಯಿತು. ಬಾಗಿಲಿನ ರಬ್ಬರು ಹರಿದು ಎಷ್ಟೋ ಮಳೆಗಾಲಗಳ ನೀರು ಒಳಗೆ ಬಂದಿತ್ತು. ಮೇಲೆ ಹಾಸಿದ ಚಾಪೆ ಆ ನೀರನ್ನು ಹೀರಿ ಹಿಡಿದುಕೊಂಡಿತ್ತು. ಅದರ ಕೆಳಗೆ ತಗಡು ತುಕ್ಕು ತಿಂದು, ಬೋಲ್ಟಿನ ತೂತು ಅಂಡಾಕಾರವಾಗಿ, ತೂತಿನ ಅಂಚಿನಿಂದ ಎರಡು ಬಿರುಕುಗಳು ಹೊರಟಿದ್ದವು. ಕೆಳಗೆ ಬೆಸೆದಿದ್ದ ನಟ್ಟುಗಳು ಕಿತ್ತುಕೊಂಡು ಬೋಲ್ಟಿನ ಜೊತೆಗೇ ತಿರುಗುತ್ತಿದ್ದವು. ಮೂರು ಬೋಲ್ಟುಗಳು ಎಷ್ಟು ತಿರುಗಿಸಿದರೂ ಮುಗಿಯದಿದ್ದುದು ಅದಕ್ಕೇ.

ಸೀಟನ್ನು ಹೊರಗೆ ತೆಗೆದೆವು. ಅದರಡಿಯಲ್ಲಿ ಏಳು ರೂಪಾಯಿ ಚಿಲ್ಲರೆ, ಒಣಗಿದ ಟೊಮೇಟೊ ಸಿಪ್ಪೆ, ಹಿಂದೊಮ್ಮೆ ನಾನು ಇಡೀ ಮನೆಯವರಿಂದ ಹುಡುಕಿಸಿದ್ದ ಪೆನ್ನು ಸಿಕ್ಕವು. ಮುರಿದ ಬೋಲ್ಟಿನ ಮುಂಡವನ್ನು ಡ್ರಿಲ್ಲಿನಿಂದ ಕೊರೆದು ತೆಗೆದೆವು. ಬಿರುಕು ಮುಂದಕ್ಕೆ ಓಡದಂತೆ ಅದರ ತುದಿಯಲ್ಲಿ ಒಂದು ಸಣ್ಣ ತೂತು ಕೊರೆಯಬೇಕೆಂಬುದು ನನಗೆ ಹೊಸ ವಿಷಯ. ಚೂಪಾದ ತುದಿಯಲ್ಲಿ ಒತ್ತಡವೆಲ್ಲ ಒಂದು ಕಡೆ ಸೇರುತ್ತದೆ, ದುಂಡನೆಯ ತೂತಿನಲ್ಲಿ ಹರಡಿಹೋಗುತ್ತದೆ. ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ತಂತಿ ಬಿಚ್ಚಿದೆವು, ಚಾಪೆ ಕಿತ್ತೆವು, ನೆಲದ ಕೆಳಗೆ ಡೀಸೆಲ್ಲಿನ ಕೊಳವೆಯಾಗಲಿ ವೈರಾಗಲಿ ಹಾದುಹೋಗಿಲ್ಲವೆಂದು ಮಲಗಿ ನೋಡಿದೆವು, ಬಕೆಟ್ಟಿನಲ್ಲಿ ನೀರಿಟ್ಟುಕೊಂಡೆವು. ತುಕ್ಕನ್ನು ಹೊಳೆಯುವ ಕಬ್ಬಿಣ ಕಾಣುವವರೆಗೆ ಉಜ್ಜಿ, ಹರಿದ ಕಡೆ ಬೆಸುಗೆ ಹಾಕಿಸಿ, ಮೇಲೂ ಕೆಳಗೂ ರೆಡ್ ಆಕ್ಸೈಡ್ ಬಳಿದೆವು. ಪ್ರತಿ ಬೋಲ್ಟಿನ ಕೆಳಗೂ ಅಂಗೈಯಗಲದ ದಪ್ಪ ಕಬ್ಬಿಣದ ತಟ್ಟೆಯೊಂದನ್ನು ಕೊಟ್ಟೆವು. ಭಾರವೆಲ್ಲ ಒಂದು ತೂತಿನ ಮೇಲೆ ಬೀಳದೆ ತಟ್ಟೆಯಗಲಕ್ಕೆ ಹಂಚಿಕೊಳ್ಳಲಿ ಎಂದು.

ಬಾಗಿಲ ಚಿಲಕದ ಬೋಲ್ಟು ಇಲ್ಲಿಗೆ ಬೇಡ, ತಲೆಯ ಮೇಲೆ 8.8 ಎಂದು ಬರೆದಿರುವ ಗಟ್ಟಿ ಉಕ್ಕಿನದೇ ಬೇಕು ಎಂದರು ಸಾಬರು. ನಾಲ್ಕನ್ನೂ ಮೊದಲು ಬೆರಳಿನಿಂದ ಹಿಡಿಸಿ, ಆಮೇಲೆ ಮೂಲೆಗೆ ಮೂಲೆಯಾಗಿ ಸ್ವಲ್ಪ ಸ್ವಲ್ಪವೇ ಬಿಗಿದೆ. ಎಷ್ಟು ಬಿಗಿಯಬೇಕು? 8 ಮಿಲಿಮೀಟರಿನ ಅಂಥ ಬೋಲ್ಟಿಗೆ ಒಂದು ಗೇಣಿನ ಸ್ಪ್ಯಾನರಿನ ತುದಿಯಲ್ಲಿ ಹನ್ನೆರಡು ಹದಿಮೂರು ಕಿಲೋ ತೂಗುಹಾಕಿದಷ್ಟು ಬಲ ಸಾಕು. ಒಂದು ಟೊಮೇಟೊ ಕ್ರೇಟಿಗಿಂತ ಕಡಿಮೆ. ನಾನು ಎರಡಡಿ ಕೊಳವೆ ಹಾಕಿ ಮೈಭಾರವೆಲ್ಲ ಬಿಟ್ಟಿದ್ದೆನಲ್ಲ, ಮುರಿಯದೆ ಇನ್ನೇನಾದೀತು?

ಇಷ್ಟಾದ ಮೇಲೂ ಸೀಟು ಒಂದು ಪಕ್ಕಕ್ಕೆ ತಿರುಚುತ್ತಿತ್ತು. ಆಗ ಎರಡನೆಯ ಜಾಗ ನೆನಪಾಯಿತು. ಸೀಟನ್ನು ಹಿಂದೆ ಮುಂದೆ ಸರಿಸುವ ಹಿಡಿಯನ್ನು ಬಿಟ್ಟಾಗ ಎರಡು ಹಳಿಗಳಲ್ಲೂ ಒಂದೊಂದು ಕೊಕ್ಕೆ ಹಲ್ಲಿನೊಳಗೆ ಕೂರಬೇಕು. ಎರಡನ್ನೂ ಕೂಡಿಸುವ ತಂತಿ ಬಾಗಿ, ಬಾಗಿಲ ಕಡೆಯ ಕೊಕ್ಕೆ ಮಾತ್ರ ಕೂರುತ್ತಿತ್ತು. ಒಳಗಿನದು ಹಲ್ಲಿನ ಮೇಲೆ ಸುಮ್ಮನೆ ಒರಗಿಕೊಂಡಿತ್ತು. ಕೂರುತ್ತಿದ್ದ ಕೊಕ್ಕೆಯ ಹಲ್ಲೂ ಸವೆದಿತ್ತು. ಹೆದ್ದಾರಿಯಲ್ಲಿ ಸೀಟು ಜಾರಿದ್ದು ಇದರಿಂದ. ನಾನು ಮುರಿದ ಬೋಲ್ಟಿನಿಂದಲ್ಲ.

ನನಗೆ ಸಮಾಧಾನವಾಗಬೇಕಾಗಿತ್ತು. ಅರ್ಧ ನಿಮಿಷ ಆಯಿತು ಕೂಡ. ಆದರೆ ಆ ಕೊಕ್ಕೆ ಬಹಳ ಕಾಲದಿಂದ ಹಾಗೆಯೇ ಇತ್ತು. ನಾನು ಸ್ಪ್ಯಾನರು ಹಿಡಿದು ಇಳಿದ ದಿನವೂ ಕಣ್ಣೆದುರಿಗೇ ಇತ್ತು. ತಪ್ಪು ಮಾಡಿದ್ದಕ್ಕಿಂತ ನೋಡದೇ ಇದ್ದದ್ದು ದೊಡ್ಡದು ಎನಿಸಿತು. ತಂತಿಯನ್ನು ನೆಟ್ಟಗೆ ಮಾಡಿ, ಹಳಿಯ ಧೂಳು ತೆಗೆದು ಗ್ರೀಸು ಹಚ್ಚಿ, ಕೊಕ್ಕೆಗಳು ಸವೆಯದ ಹಲ್ಲಿನಲ್ಲಿ ಕೂರುವಂತೆ ಸೀಟನ್ನು ಒಂದು ಹಲ್ಲು ಹಿಂದಕ್ಕೆ ಸರಿಸಿದೆವು. ಹಿಡಿ ಬಿಟ್ಟಾಗ ಎರಡು ಕಡೆಯಿಂದಲೂ ಒಂದೇ ಸಲ 'ಟಕ್' ಎಂದಿತು.

ಕೈ ತೊಳೆಯುವಾಗ ಸಾಬರನ್ನು ಕೇಳಿದೆ: "ಅಪ್ಪ ಇದನ್ನ ಮೊದ್ಲೇ ಯಾಕೆ ಮಾಡಿಸ್ಲಿಲ್ಲ?" ಅವರು ಆಶ್ಚರ್ಯದಿಂದ ನೋಡಿ, "ಎರಡು ಸಲ ರೇಟು ಕೇಳ್ಕೊಂಡು ಹೋಗಿದ್ದಾರಲ್ಲ. ಮುಂದಿನ ವಾರ ತರ್ತೀನಿ ಅಂದ್ರು, ಬರ್ಲಿಲ್ಲ" ಎಂದರು. ಯಾವಾಗ ಎಂದೆ. "ಹೋದ ವರ್ಷ ಒಂದ್ಸಲ, ಅದರ ಹಿಂದಿನ ವರ್ಷ ಒಂದ್ಸಲ. ಎರಡೂ ಸಲ ಜೂನ್ ತಿಂಗಳು."

ಜೂನ್ ತಿಂಗಳಲ್ಲಿ ನಮ್ಮ ಮನೆಯಲ್ಲಿ ಏನಿರುತ್ತದೆಂದು ನನಗೆ ಗೊತ್ತು. ಕಾಲೇಜಿನ ಶುಲ್ಕ, ಪುಸ್ತಕ, ಬಸ್ಸಿನ ಪಾಸು. ಅಂದಿನ ಖರ್ಚನ್ನು ಬರೆದಿಟ್ಟಿದ್ದೇನೆ: ಬೆಸುಗೆ 500, ತಟ್ಟೆ 150, ಬೋಲ್ಟು ನಟ್ಟು ವಾಷರು 120, ಬಾಗಿಲ ರಬ್ಬರು 450, ಬಣ್ಣ 110, ಒಟ್ಟು 1330 ರೂಪಾಯಿ. ನನ್ನ ವಿದ್ಯಾರ್ಥಿವೇತನದಲ್ಲಿ ಕೊಟ್ಟೆ. ಕೊಡುವಾಗ ಉದಾರಿಯಂತೆ ಬೀಗುವ ಆಸೆಯೇನೋ ಇತ್ತು. ಆದರೆ ಲೆಕ್ಕ ಹಾಕಿದರೆ ಅದು ಅಪ್ಪನ ಹಣವೇ, ತಡವಾಗಿ ಹಿಂದಕ್ಕೆ ಬಂದದ್ದು. ಮೂರು ವರ್ಷ ನಾನು ತರಗತಿಯಲ್ಲಿ ಕುಳಿತ ಸೀಟು ಭದ್ರವಾಗಿತ್ತು; ಅದರ ಬೆಣೆಗಳೆಲ್ಲ ಅಪ್ಪನ ಸೀಟಿನ ಕೆಳಗೆ ಇದ್ದವು.

ಮರುದಿನ ನಸುಕಿನಲ್ಲಿ ಅಪ್ಪ ಸೀಟಿನಲ್ಲಿ ಕೂತು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿ ನೋಡಿದ. ಬಹಳ ವರ್ಷಗಳಿಂದ ಸೀಟಿಗೆ ಪ್ರತಿಯಾಗಿ ವಾಲಿ ವಾಲಿ ರೂಢಿಯಾದ ಮೈ; ಸೀಟು ನಿಂತರೂ ಅದು ನಿಲ್ಲಲಿಲ್ಲ. ಎರಡು ದಿನ ತಿರುವು ಬಂದಾಗಲೆಲ್ಲ ಅಪ್ಪ ಒಬ್ಬನೇ ವಾಲುತ್ತಿದ್ದ. "ಹಿಂಗೆ ಗಟ್ಟಿಯಾಗಿ ಕೂತ್ಕೊಂಡ್ರೆ ನಿದ್ದೆ ಬರ್ತದಲ್ಲೋ" ಎಂದು ಆಕ್ಷೇಪವನ್ನೂ ಎತ್ತಿದ. ಸೊಂಟದ ನೋವು ಪೂರ್ತಿ ಹೋಯಿತೆಂದು ಹೇಳಲಾರೆ. ಆದರೆ ಅಮ್ಮ ಉಪ್ಪು ಹುರಿಯುವುದು ಈಗ ವಾರಕ್ಕೆ ಒಂದೋ ಎರಡೋ ಸಲ.

ರಜೆ ಮುಗಿದ ಮೇಲೆ ಒಂದು ದಿನ ಬಸ್ಸು ತಪ್ಪಿತು. ಪೆಟ್ರೋಲ್ ಬಂಕು ಹತ್ತಿರವಾದಂತೆ ಅಪ್ಪ ಅಭ್ಯಾಸಬಲದಿಂದ ಗಾಡಿಯ ವೇಗ ಇಳಿಸಿದ. "ಜೆರಾಕ್ಸ್ ಇಲ್ಲಪ್ಪ, ಗೇಟಿನ ಹತ್ರ ಬಿಡು" ಎಂದೆ. ಅಪ್ಪ ಏನೂ ಅನ್ನದೆ ಮುಂದೆ ಬಿಟ್ಟ. ಗೇಟಿನಲ್ಲಿ ನಮ್ಮ ಇತಿಹಾಸದ ಮೇಷ್ಟರು ನಿಂತಿದ್ದರು. ಅಪ್ಪ ಗಾಡಿಯೊಳಗಿಂದಲೇ ಕೈ ಮುಗಿದ, ಅವರೂ ಮುಗಿದರು. ಅಷ್ಟೇ. ನಾನು ಮೂರು ವರ್ಷದಿಂದ ಹೆದರಿದ್ದು ಇದಕ್ಕೇ ಏನು ಎಂದು ನನಗೇ ನಗು ಬಂತು.

ಇಳಿಯುವಾಗ ನನ್ನ ಸೀಟು 'ಕಿರ್' ಎಂದಿತು. ಚಾಲಕನದು ಗಟ್ಟಿಯಾಯಿತೇ ಹೊರತು ಪಕ್ಕದ ಸೀಟು ಇನ್ನೂ ಅಲುಗಾಡುತ್ತಲೇ ಇದೆ. ಪರೀಕ್ಷೆ ಮುಗಿದ ಮೇಲೆ ಅದರ ಸರದಿ. ಈ ಸಲ ಮೊದಲು ಬೆರಳಿಟ್ಟು ನೋಡುತ್ತೇನೆ.